ಕೀಲಿ ಯಾರ ಕೈಗೆ ಕೊಡೋಣ?



ನಮ್ಮ ಇಳಕಲ್ಲಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ತೇರು, ಬೆಂಡು ಬತ್ತಾಸಿನ ಜೊತೆಗೆ ಸ್ಪರ್ಧೆಗಳೂ ಬರುತ್ತವೆ. ಎತ್ತುಗಳ ತೆರೆಬಂಡಿ ಸ್ಪರ್ಧೆ ಹಳೆಯದು. ಈಗೀಗ ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆಯನ್ನೂ ಇಡುತ್ತಾರೆ. ಗಂಡಸರು ಬದುವಿನ ಮೇಲೆ ನಿಂತು ಸೀಟಿ ಹೊಡೆಯುತ್ತಾರೆ. ನಾವು ಹೆಂಗಸರು ಮಾಳಿಗೆ ಹತ್ತಿ, ಸೆರಗು ಹಲ್ಲಿನಲ್ಲಿ ಕಚ್ಚಿ ನೋಡುತ್ತೇವೆ. ಗಾಡಿ ಓಡಿಸುವುದು ಅವರ ಆಟ, ನೋಡುವುದು ನಮ್ಮ ಪಾಲು ಅಂತ ನಾನೂ ನಂಬಿಕೊಂಡಿದ್ದವಳೇ.

ಹೋದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನಾಚಿಕೆ ಬಿಟ್ಟು ನಿಮ್ಮ ಮುಂದೆ ಹೇಳುತ್ತೇನೆ. ಮಗ ಒಂಬತ್ತನೆಯ ತರಗತಿ, ಇನ್ನೂ ಹದಿನೈದು ತುಂಬಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ಹಾಲು ಒಡೆಯಿತು. ಬೀಗರು ಬರುವ ಹೊತ್ತು. "ಲಗೂನ ಹೋಗಿ ಹಾಲು ತಗೊಂಬಾ" ಅಂತ ಅವರ ಅಪ್ಪನ ಬೈಕಿನ ಕೀಲಿಯನ್ನು ನಾನೇ ಮೊಳೆಯಿಂದ ತೆಗೆದು ಅವನ ಕೈಗೆ ಕೊಟ್ಟೆ. ತಿರುವಿನಲ್ಲಿ ಮರಳು ಬಿದ್ದಿತ್ತು. ಗಾಡಿ ಜಾರಿತು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರು. ತಲೆಯ ಮೇಲೆ ಹೆಲ್ಮೆಟ್ಟೂ ಇರಲಿಲ್ಲ. ತಲೆಗೆ ಪೆಟ್ಟಾಗದ್ದು, ಬೇರೆ ಯಾರಿಗೂ ತಾಗದ್ದು ನಮ್ಮ ಪುಣ್ಯ.

ಅಂದು ರಾತ್ರಿ ನಾನು ಅಳುತ್ತಾ ಕೂತಾಗ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಹತ್ತೊಂಬತ್ತು, ಬಿ.ಕಾಂ. ಓದುತ್ತಾಳೆ. ಸಿಟ್ಟು ಮಾಡಲಿಲ್ಲ, ಮೆಲ್ಲಗೆ ಅಂದಳು: "ಅವ್ವಾ, ಅವನಿಗೆ ಕೇಳ್ಲಾರದ ಕೊಟ್ಟಿ. ನಾ ಮೂರು ವರ್ಷದಿಂದ ಕೇಳಾಕತ್ತೀನಿ."

ಹೌದಲ್ಲ! ಸ್ಕೂಟರ್ ಕಲಿಯುತ್ತೇನೆಂದು ಅವಳು ಕೇಳಿದಾಗಲೆಲ್ಲ ನಾನು "ಹೆಣ್ಣುಮಕ್ಕಳಿಗ್ಯಾಕ ಬೇಕು, ಬಿದ್ದು ಮಾರಿ ಕೆಡಿಸಿಕೊಂಡರ ನಾಳೆ ಯಾರು ನೋಡತಾರ" ಅಂದು ಬಾಯಿ ಮುಚ್ಚಿಸಿದ್ದೆ. ಲೈಸೆನ್ಸಿನ ವಯಸ್ಸಾದವಳಿಗೆ ಇಲ್ಲ, ವಯಸ್ಸಾಗದವನಿಗೆ ಉಂಟು. ಇದು ಯಾವ ನ್ಯಾಯ ಹೇಳಿ?

ಆ ಮೇಲೆ ಅವಳು ತನ್ನ ಮೊಬೈಲಿನಲ್ಲಿ ಒಬ್ಬ ಹುಡುಗಿಯ ಚಿತ್ರ ತೋರಿಸಿದಳು. ಮೈತುಂಬ ಧೂಳು, ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ನಗು. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. 1995ರಲ್ಲಿ ಹುಟ್ಟಿದವರು. 2019ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿಗೆ, ಬಾಹಾ ಎಂಬ ಮೋಟರ್ ಸೈಕಲ್ ಪಂದ್ಯಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದವರು. ಮೋಟರ್ ಓಟದಲ್ಲಿ ಇಂಥ ವಿಶ್ವ ಪ್ರಶಸ್ತಿ ಪಡೆದ ಮೊಟ್ಟಮೊದಲ ಭಾರತೀಯರು ಇವರು. ಗಮನಿಸಿ, ಮೊದಲ ಭಾರತೀಯ ಮಹಿಳೆ ಅಷ್ಟೇ ಅಲ್ಲ, ಗಂಡು ಹೆಣ್ಣು ಎಲ್ಲರಲ್ಲೂ ಮೊದಲಿಗರು!

ಬಾಹಾ ಎಂದರೆ ನುಣುಪಾದ ಡಾಂಬರು ರಸ್ತೆಯ ಓಟವಲ್ಲ. ಮರಳುಗಾಡು, ಕಲ್ಲುದಾರಿ, ಹಳ್ಳ ಕೊಳ್ಳಗಳಲ್ಲಿ ನೂರಾರು ಕಿಲೋಮೀಟರು ಹೋಗಬೇಕು. ದಾರಿ ಹೇಳುವವರು ಯಾರೂ ಇರುವುದಿಲ್ಲ. ಹ್ಯಾಂಡಲಿನ ಮೇಲೆ ಕಾಗದದ ಸುರುಳಿ ಇರುತ್ತದೆ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಎಲ್ಲಿ ತಗ್ಗು ಎಂಬ ಗುರುತುಗಳನ್ನು ಓಡಿಸುತ್ತಲೇ ಓದಿಕೊಳ್ಳಬೇಕು. ಕಣ್ಣು ದಾರಿಯ ಮೇಲೂ ಇರಬೇಕು, ಕಾಗದದ ಮೇಲೂ ಇರಬೇಕು. ಒಲೆಯ ಮೇಲೆ ರೊಟ್ಟಿ, ಕಂಕುಳಲ್ಲಿ ಕೂಸು, ಬಾಗಿಲಲ್ಲಿ ಅತಿಥಿ ಮೂರನ್ನೂ ಒಟ್ಟಿಗೆ ನಿಭಾಯಿಸುವ ನಮಗೆ ಇದು ಅರ್ಥವಾಗದ ವಿದ್ಯೆಯೇನಲ್ಲ.

ಆ ವರ್ಷ ನಾಲ್ಕು ದೇಶಗಳಲ್ಲಿ ನಾಲ್ಕು ಸುತ್ತುಗಳು ನಡೆದವು. ದುಬೈಯಲ್ಲಿ ಐಶ್ವರ್ಯಾ ಮೊದಲಿಗರು. ಪೋರ್ಚುಗಲ್ಲಿನಲ್ಲಿ ಮೂರನೆಯವರು, ಸ್ಪೇನಿನಲ್ಲಿ ಐದನೆಯವರು, ಹಂಗೇರಿಯಲ್ಲಿ ನಾಲ್ಕನೆಯವರು. ಒಟ್ಟು ಅಂಕ 65. ಪೋರ್ಚುಗಲ್ಲಿನ ರೀಟಾ ವಿಯೇರಾ ಅವರಿಗಿಂತ ನಾಲ್ಕು ಅಂಕ ಹೆಚ್ಚು. ಅಷ್ಟರಲ್ಲೇ ಕಪ್ಪು ನಮ್ಮ ಹುಡುಗಿಯದಾಯಿತು. ಕಿರಿಯರ ವಿಭಾಗದಲ್ಲೂ ಎರಡನೆಯ ಸ್ಥಾನ ಬಂತು.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ ನೋಡಿ. ನಾಲ್ಕರಲ್ಲಿ ಒಂದೇ ಒಂದು ಸುತ್ತನ್ನು ಆಕೆ ಗೆದ್ದದ್ದು. ಆದರೆ ನಾಲ್ಕಕ್ಕೆ ನಾಲ್ಕನ್ನೂ ಕೊನೆ ಮುಟ್ಟಿಸಿದರು. ಚಾಂಪಿಯನ್ ಎಂದರೆ ಎಲ್ಲರಿಗಿಂತ ಜೋರಾಗಿ ಹೋಗುವವರು ಎಂದು ನಾವೂ ನಮ್ಮ ಮಕ್ಕಳೂ ತಿಳಿದಿದ್ದೇವಲ್ಲ, ಅದು ಅರ್ಧ ಸತ್ಯ. ಪ್ರತಿ ಸಲವೂ ಗಾಡಿಯನ್ನೂ ತನ್ನನ್ನೂ ಉಳಿಸಿಕೊಂಡು ಮುಟ್ಟುವವರು ಚಾಂಪಿಯನ್.

ಇದನ್ನು ಆಕೆ ಸುಮ್ಮನೆ ಕಲಿಯಲಿಲ್ಲ. 2017ರಲ್ಲಿ ಹಿಮಾಲಯದ ರ‍್ಯಾಲಿಯಲ್ಲಿ ಬಿದ್ದು ಕತ್ತಿನ ಕೆಳಗಿನ ಕಾಲರ್ ಎಲುಬು ಮುರಿಯಿತು. ಉಕ್ಕಿನ ಪಟ್ಟಿ ಕೂಡಿಸಿ ಏಳು ಸ್ಕ್ರೂ ಹಾಕಿದರು. ಮರುವರ್ಷ ಸ್ಪೇನಿನ ಬಾಹಾದಲ್ಲಿ ಬಿದ್ದಾಗ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಗೇ ಪೆಟ್ಟು. ಹೆತ್ತ ತಾಯಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕು! ಆದರೂ ಮನೆಯಲ್ಲಿ ತಾಯಿ ಬೆನ್ನಿಗೆ ನಿಂತರು. ಮುಂದಿನ ವರ್ಷ ಐದನೆಯ ಸ್ಥಾನ ಬಂತು ಅಂದೆನಲ್ಲ, ಅದೂ ಸ್ಪೇನಿನಲ್ಲೇ. ಬಿದ್ದ ದೇಶಕ್ಕೇ ಹೋಗಿ, ಈ ಸಲ ಕೊನೆ ಮುಟ್ಟಿ ಬಂದರು.

ಕರ್ನಾಟಕದಲ್ಲಿ ಇಂಥವರು ಇನ್ನೂ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ಹೆಸರು ಕೇಳಿರಬಹುದು. ಜಗತ್ತಿನಲ್ಲಿ ಅತಿ ಕಠಿಣವೆನ್ನುವ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯರು. ಎರಡು ವಾರದ ಓಟ, ಬಂದದ್ದು 36ನೆಯ ಸ್ಥಾನ. ನಮ್ಮಲ್ಲಿ ಮಕ್ಕಳು 36ನೆಯ ರ‍್ಯಾಂಕು ತಂದರೆ ಊಟದ ಹೊತ್ತಿನಲ್ಲಿ ಬೈಯುತ್ತೇವೆ. ಅಲ್ಲಿ ಅದು ದೇಶಕ್ಕೆ ಹೆಮ್ಮೆ, ಏಕೆಂದರೆ ಮುಟ್ಟಿದ್ದೇ ದೊಡ್ಡದು. ಉಡುಪಿಯ ಕೆ.ಪಿ. ಅರವಿಂದ್ ಅವರನ್ನು ನೀವು 2021ರ ಬಿಗ್ ಬಾಸ್ ಕಾರ್ಯಕ್ರಮದಲ್ಲಿ ನೋಡಿರುತ್ತೀರಿ. ಅದಕ್ಕೂ ಮುಂಚೆ ಅವರು ಡಕಾರ್ ಓಟಗಾರರು. 2017ರಲ್ಲಿ, 2018ರಲ್ಲಿ ಹೋದಾಗ ಕೊನೆ ಮುಟ್ಟಲಾಗಲಿಲ್ಲ. ಮೂರನೆಯ ಸಲ, 2019ರಲ್ಲಿ, ಪೆರು ದೇಶದ ಮರಳು ದಿಬ್ಬಗಳನ್ನು ದಾಟಿ 37ನೆಯವರಾಗಿ ಮುಗಿಸಿದರು.

ಇನ್ನೊಬ್ಬರ ಮಾತು ನನಗೆ ಬಹಳ ಹಿಡಿಸಿತು. ಕಾಸರಗೋಡಿನ ಮೂಸಾ ಷರೀಫ್. ಇವರು ಸ್ಟಿಯರಿಂಗ್ ಹಿಡಿಯುವವರಲ್ಲ, ಪಕ್ಕದಲ್ಲಿ ಕೂಡುವವರು. ಆದರೂ ಹಲವು ಸಲ ರಾಷ್ಟ್ರೀಯ ಚಾಂಪಿಯನ್! ಕಾರ್ ರ‍್ಯಾಲಿಯಲ್ಲಿ ಇಬ್ಬರು ಇರುತ್ತಾರೆ. ಓಟಕ್ಕೆ ಮುಂಚೆ ಇಬ್ಬರೂ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ, ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಓಟದ ದಿನ ಪಕ್ಕದವರು ಅದನ್ನು ಓದುತ್ತಾ ಹೋಗುತ್ತಾರೆ, ಓಡಿಸುವವರು ಆ ದನಿಯನ್ನು ನಂಬಿ ಕಾಣದ ತಿರುವಿಗೂ ತಯಾರಾಗುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಕಿರಿದಾರಿಯಲ್ಲಿ ಇಂಥ ರ‍್ಯಾಲಿ ನಡೆಯುತ್ತವೆ. ಸೋದರಿಯರೆ, ಮನೆಯಲ್ಲಿ ತಾಯಿಯ ಜಾಗ ಅದೇ ಅಲ್ಲವೆ? ಮುಂದಿನ ತಿರುವನ್ನು ಮೊದಲೇ ಓದಿ ಹೇಳುವ ಜಾಗ. ನಾನು ಅಂದು ಓದಿ ಹೇಳಲಿಲ್ಲ, ಕೀಲಿ ಕೊಟ್ಟು ಕಳಿಸಿದೆ.

"ಅವರು ದೊಡ್ಡ ಓಟಗಾರರು ಬಿಡ್ರಿ, ನಮ್ಮ ಮಕ್ಕಳೇನು ಡಕಾರಿಗೆ ಹೋಗತಾರ?" ಅನ್ನಬಹುದು ನೀವು. ಹೋಗದಿರಲಿ. ಆದರೆ ಅವರು ಮೈಮೇಲೆ ಏನು ಹಾಕಿಕೊಳ್ಳುತ್ತಾರೆ ನೋಡಿ. ಪೂರ್ತಿ ಹೆಲ್ಮೆಟ್ಟು, ಕುತ್ತಿಗೆಗೆ ಪಟ್ಟಿ, ಎದೆ ಬೆನ್ನಿಗೆ ಕವಚ, ಮೊಣಕಾಲಿಗೆ ಗಟ್ಟಿ ಚಿಪ್ಪು, ಮೊಣಕಾಲಿನವರೆಗೆ ಬೂಟು. ವರ್ಷಗಟ್ಟಲೆ ಅಭ್ಯಾಸ, ದಿನಾ ವ್ಯಾಯಾಮ. ಇಷ್ಟೆಲ್ಲ ಇದ್ದೂ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್ ಓಟದಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ವೈದ್ಯರು ಔಷಧಿ ಕೊಟ್ಟು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲೇ ಇಟ್ಟು ಚಿಕಿತ್ಸೆ ಮಾಡಿದರು. ಅದೃಷ್ಟವಶಾತ್ ಚೇತರಿಸಿಕೊಂಡರು. ಅಷ್ಟು ಬಲ್ಲವರಿಗೇ ಹೀಗಾದರೆ, ಚಪ್ಪಲಿ ಮೆಟ್ಟಿ, ಬರಿದಲೆಯಲ್ಲಿ, ಮೂವರನ್ನು ಕೂಡಿಸಿಕೊಂಡು ಹೊರಟ ನಮ್ಮ ಓಣಿಯ ಶೂರರ ಗತಿಯೇನು?

ಹಾಗಾದರೆ ಏನು ಮಾಡೋಣ? ಈ ವರ್ಷ ನಮ್ಮ ಮನೆಯಲ್ಲಿ ಪಾಲಿಸುತ್ತಿರುವುದನ್ನು ಹೇಳುತ್ತೇನೆ.

ಮೊದಲನೆಯದು ವಯಸ್ಸು. ಗೇರಿಲ್ಲದ 50 ಸಿಸಿ ಒಳಗಿನ ಗಾಡಿಗೆ ಮಾತ್ರ ಹದಿನಾರಕ್ಕೆ ಲೈಸೆನ್ಸು ಸಿಗುತ್ತದೆ. ಈಗ ಬೀದಿಯಲ್ಲಿ ಓಡುವ ಪೆಟ್ರೋಲ್ ಸ್ಕೂಟರುಗಳು ನೂರು ಸಿಸಿ ದಾಟಿದವು. ಅವಕ್ಕೂ ಬೈಕಿಗೂ ಹದಿನೆಂಟು ತುಂಬಲೇಬೇಕು. 2019ರಲ್ಲಿ ಕಾಯಿದೆ ಬಿಗಿಯಾಗಿದೆ. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೂ ಇಲ್ಲ. ಒಂದು ಲೀಟರ್ ಹಾಲಿಗೆ ಇಷ್ಟು ಬೆಲೆ ತೆರಬೇಕೆ?

ಎರಡನೆಯದು ಕಲಿಕೆ. ಮೊದಲು ಕಲಿಕೆಯ ಲೈಸೆನ್ಸು ಮಾಡಿಸಿ. ಅದು ಆರು ತಿಂಗಳು ನಡೆಯುತ್ತದೆ, ಒಂದು ತಿಂಗಳಾದ ಮೇಲೆ ಪರೀಕ್ಷೆಗೆ ಹೋಗಬಹುದು. ಬೆಳಿಗ್ಗೆ ಖಾಲಿ ಬಯಲಿನಲ್ಲಿ ಬ್ರೇಕು ಹಿಡಿಯುವುದನ್ನೇ ನಾಲ್ಕು ದಿನ ಕಲಿಸಿ. ಓಡಿಸುವುದು ತಾನೇ ಬರುತ್ತದೆ, ನಿಲ್ಲಿಸುವುದನ್ನು ಕಲಿಯಬೇಕು.

ಮೂರನೆಯದು ಹೆಲ್ಮೆಟ್ಟು. ಐಎಸ್‌ಐ ಗುರುತು ನೋಡಿಯೇ ತಗೊಳ್ಳಿ, ಗದ್ದದ ಪಟ್ಟಿ ಹಾಕದಿದ್ದರೆ ಹಾಕಿದ್ದೂ ವ್ಯರ್ಥ. ತುರುಬಿನ ಮೇಲೆ ಹೆಲ್ಮೆಟ್ಟು ಸರಿಯಾಗಿ ಕೂಡುವುದಿಲ್ಲ, ಆದ್ದರಿಂದ ಕೆಳಗೆ ಸಡಿಲವಾಗಿ ಜಡೆ ಹೆಣೆದುಕೊಳ್ಳಬೇಕು. ಬೆವರು ವಾಸನೆ ಅಂತ ಮಕ್ಕಳು ಬಿಟ್ಟು ಹೋಗುತ್ತಾರಲ್ಲ, ಒಳಗಿನ ಬಟ್ಟೆ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ.

ನಾಲ್ಕನೆಯದು ನಮಗೇ. ನಮ್ಮೂರ ಸೀರೆಯ ಟೋಪು ತೆನೆ ಸೆರಗು ಉದ್ದ, ಚೆಂದ. ಆದರೆ ಗಾಡಿಯ ಹಿಂದೆ ಕೂತಾಗ ಗಾಲಿಗೆ ಸಿಕ್ಕರೆ ಪ್ರಾಣಕ್ಕೇ ಸಂಚಕಾರ. ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಹಿಂದಿನ ಗಾಲಿಯ ಪಕ್ಕದ ಸೀರೆ ಗಾರ್ಡನ್ನು ಚೆಂದ ಕಾಣುವುದಿಲ್ಲವೆಂದು ಹುಡುಗರು ಬಿಚ್ಚಿಸುತ್ತಾರೆ, ಬಿಚ್ಚಿಸಲು ಬಿಡಬೇಡಿ. ದುಪಟ್ಟಾ ಹಾಕುವ ಹುಡುಗಿಯರೂ ಹಿಂದೆ ಗಂಟು ಹಾಕಿಕೊಳ್ಳಲಿ.

ನಮ್ಮ ಇಳಕಲ್ಲಿನ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳು ಬೇಡಲಿಲ್ಲ, ರೊಕ್ಕ ಬೇಡಲಿಲ್ಲ, "ನಿಮ್ಮ ದುಶ್ಚಟ ಇದರಲ್ಲಿ ಹಾಕಿ" ಅಂತ ಬೇಡಿದರು. ಎಷ್ಟೋ ಮನೆಗಳ ಕುಡಿತ, ತಂಬಾಕು ಆ ಜೋಳಿಗೆಗೆ ಬಿತ್ತು. ತಾಯಂದಿರಾದ ನಮ್ಮಲ್ಲೂ ಒಂದು ಚಟ ಉಳಿದಿದೆ. ಮೀಸೆ ಮೂಡುವ ಮುಂಚೆ ಮಗನ ಕೈಗೆ ಕೀಲಿ ಕೊಟ್ಟು "ನಮ್ಮ ಹುಡುಗ ದೊಡ್ಡವನಾದ" ಅಂತ ಹಿಗ್ಗುವ ಚಟ. ವಯಸ್ಸಿಗೆ ಬಂದ ಮಗಳಿಗೆ ಅದೇ ಕೀಲಿ ಬಚ್ಚಿಡುವ ಚಟ. ಎರಡನ್ನೂ ಜೋಳಿಗೆಗೆ ಹಾಕಿಬಿಡೋಣ.

ಮಗಳಿಗೆ ಈಗ ಲೈಸೆನ್ಸು ಬಂದಿದೆ. ಮೊದಲ ದಿನ ಅವಳ ಹಿಂದೆ ಕೂತು ಸಂತೆಗೆ ಹೋದೆ. ಹೆದರಿ ಅವಳ ಭುಜ ಎಷ್ಟು ಬಿಗಿ ಹಿಡಿದಿದ್ದೆನೆಂದರೆ, "ಅವ್ವಾ, ಸ್ವಲ್ಪ ಸಡ್ಲ ಹಿಡಿ, ತಿರುವ್ನ್ಯಾಗ ನನಗ ಕೈ ಆಡಬೇಕು" ಅಂದಳು. ನಿಧಾನ ಓಡಿಸಿದಳು. ಮರಳಿದ್ದ ಅದೇ ತಿರುವಿನಲ್ಲಿ ಇನ್ನಷ್ಟು ನಿಧಾನ ಮಾಡಿದಳು. ಹಿಂದಿನಿಂದ ಒಬ್ಬ ಹುಡುಗ ಹಾರ್ನು ಹೊಡೆಯುತ್ತಾ ನಮ್ಮನ್ನು ದಾಟಿ ಹೋದ. ಹೋಗಲಿ ಬಿಡಿ, ನಾವು ಬದನೆಕಾಯಿ, ಸೊಪ್ಪು ಕೊಂಡು ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆವು. ಮಗ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಹದಿನೆಂಟಾಗಲು ಇನ್ನೂ ಎರಡು ವರ್ಷ ಮೇಲಿದೆ. ಅಲ್ಲಿಯವರೆಗೆ ಕೀಲಿ ಮೊಳೆಯ ಮೇಲಿಲ್ಲ, ನನ್ನ ಸೊಂಟದಲ್ಲಿದೆ.

ನಿಮ್ಮ ಮನೆಯಲ್ಲಿ ಕೀಲಿ ಎಲ್ಲಿದೆ? ಇಂದೇ ಒಮ್ಮೆ ನೋಡಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.