ಗಾಲಿಕುರ್ಚಿಯ ಸರದಿಯಲ್ಲಿ ಒಂಟಿ ಹಿರಿಯರು

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹುಬ್ಬಳ್ಳಿಯಲ್ಲಿದೆ, ಶಿವಮೊಗ್ಗದ ಸೋಗಾನೆಯಲ್ಲಿಯೂ 2023ರಲ್ಲಿ ಆರಂಭವಾಗಿದೆ. ಆದರೆ ಎರಡೂ ಕಡೆಯಿಂದ ವಿದೇಶಕ್ಕೆ ನೇರ ವಿಮಾನವಿಲ್ಲ. ಹಾಗಾಗಿ ದಾವಣಗೆರೆ, ಹರಿಹರದ ಹಿರಿಯರು ಹೊರದೇಶದಲ್ಲಿರುವ ಮಕ್ಕಳನ್ನು ಕಾಣಲು ಚಿತ್ರದುರ್ಗ, ತುಮಕೂರು ದಾಟಿ ದೇವನಹಳ್ಳಿಗೇ ಹೋಗಬೇಕು. ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1979ರಲ್ಲಿ. ಅದರ ಮೊದಲ ತಂಡಗಳಲ್ಲಿ ಕಲಿತವರೇ ಈಗ ಅರವತ್ತನ್ನು ಮುಟ್ಟಿರುವಾಗ, ಅವರ ತಾಯ್ತಂದೆಯರ ವಯಸ್ಸನ್ನು ಊಹಿಸಿಕೊಳ್ಳಬಹುದು.

ನಿವೃತ್ತಿಯ ನಂತರ ಇಂಥ ಹಲವರಿಗೆ ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನು ತುಂಬಿಕೊಟ್ಟಿದ್ದೇನೆ. ಮಂಡಿನೋವಿನ ಬಗ್ಗೆ ಹೇಳುವವರು ಇದ್ದಾರೆ. ಆದರೆ ಹೆಚ್ಚಿನವರ ಆತಂಕ ಬೇರೆ: 'ನಡುವೆ ವಿಮಾನ ಬದಲಿಸುವಾಗ ಯಾವ ಕಡೆ ಹೋಗಬೇಕು, ಯಾರನ್ನು ಕೇಳಬೇಕು?' ಕನ್ನಡವಷ್ಟೇ ಬಲ್ಲವರಿಗೆ ದುಬೈ ಅಥವಾ ಫ್ರಾಂಕ್‌ಫರ್ಟ್ ನಿಲ್ದಾಣ ದಿಕ್ಕು ತಪ್ಪಿಸುವ ಜಾಗ. ಇದಕ್ಕೆ ಮಕ್ಕಳು ಕಂಡುಕೊಂಡಿರುವ ಉಪಾಯವೆಂದರೆ ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿ ಕೇಳುವುದು. ಕುರ್ಚಿಯ ಜೊತೆಗೆ ಅದನ್ನು ತಳ್ಳುವ ಒಬ್ಬ ಮನುಷ್ಯ ಸಿಗುತ್ತಾನೆ. ಅವರಿಗೆ ಬೇಕಾಗಿರುವುದು ಆ ಮನುಷ್ಯ.

ಇದನ್ನು ದುರುಪಯೋಗ ಎಂದು ಮೂದಲಿಸುವುದು ಸುಲಭ. ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಸಹಜ ಆಯ್ಕೆ. ದಾರಿ ತೋರುವ ಜೊತೆಗಾರನ ಸೇವೆಗೆ ಹಲವು ನಿಲ್ದಾಣಗಳಲ್ಲಿ ಹಣ ತೆರಬೇಕು, ಗಾಲಿಕುರ್ಚಿ ಉಚಿತ. ಬೆಲೆಯಿಲ್ಲದ ವಸ್ತುವಿಗೆ ಬೇಡಿಕೆ ಹೆಚ್ಚಿದಾಗ ಹಂಚಿಕೆ ನಡೆಯುವುದು ಸರದಿಯ ಮೂಲಕ. ಸರದಿಗೆ ಯಾರ ನೋವು ಹೆಚ್ಚೆಂಬುದು ತಿಳಿಯದು.

ಅದರ ಪರಿಣಾಮ 2024ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಕಂಡಿತು. ನ್ಯೂಯಾರ್ಕ್‌ನಿಂದ ಪತ್ನಿಯೊಡನೆ ಬಂದಿಳಿದ ಎಂಬತ್ತು ವರ್ಷದ ಪ್ರಯಾಣಿಕರೊಬ್ಬರಿಗೆ ಗಾಲಿಕುರ್ಚಿಗಾಗಿ ಕಾಯಲು ಹೇಳಲಾಯಿತು. ಪತ್ನಿಗೆ ಸಿಕ್ಕ ಕುರ್ಚಿಯ ಜೊತೆಯಲ್ಲೇ ನಡೆದುಹೋದ ಅವರು ಕುಸಿದುಬಿದ್ದು ಮೃತಪಟ್ಟರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ದಂಡ ಬೇಕಾದದ್ದೇ, ಆದರೆ ಅದರಿಂದ ಸರದಿ ಕರಗುವುದಿಲ್ಲ.

ಶುಲ್ಕ ವಿಧಿಸಿದರೆ ಬೇಡಿಕೆ ತಗ್ಗುತ್ತದೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಆಗ ಹಿಂದೆ ಸರಿಯುವವರು ಅಗತ್ಯವಿಲ್ಲದವರಲ್ಲ, ಹಣವಿಲ್ಲದವರು. ಅದರ ಬದಲು ಬೆರೆತುಹೋಗಿರುವ ಎರಡು ಅಗತ್ಯಗಳನ್ನು ಬೇರ್ಪಡಿಸಬೇಕು. ನಡೆಯಬಲ್ಲ, ಆದರೆ ಭಾಷೆ ಬಾರದ ಒಂಟಿ ಹಿರಿಯರಿಗೆ ಉಚಿತ ಜೊತೆಗಾರ ಸೇವೆಯನ್ನು ಕಡ್ಡಾಯಗೊಳಿಸಬೇಕು. ಒಬ್ಬ ಸಹಾಯಕ ನಾಲ್ಕೈದು ಮಂದಿಯನ್ನು ಒಟ್ಟಿಗೆ ಕರೆದೊಯ್ಯಬಲ್ಲ. ಕುರ್ಚಿಯಾದರೆ ಸಾಮಾನ್ಯವಾಗಿ ಒಬ್ಬರಿಗೆ ಒಬ್ಬ ಬೇಕು.

ಎರಡನೆಯದು ಹೊಣೆಗಾರಿಕೆ. ನಮ್ಮಲ್ಲಿ ಈ ನೆರವು ಮುಖ್ಯವಾಗಿ ವಿಮಾನ ಸಂಸ್ಥೆಯ ಹೊರೆ. ಕೆಲಸ ಮಾಡುವವರು ಹಲವೆಡೆ ಗುತ್ತಿಗೆ ಸಂಸ್ಥೆಯವರು, ಕಟ್ಟಡ ನಿಲ್ದಾಣದ್ದು. ಸೇವೆಯಲ್ಲಿದ್ದಾಗ ನಾನು ಕಂಡಂತೆ, ಮೂವರ ಹೊಣೆ ಯಾರ ಹೊಣೆಯೂ ಅಲ್ಲ. ಐರೋಪ್ಯ ಒಕ್ಕೂಟ 2006ರಲ್ಲಿ ರೂಪಿಸಿ 2008ರಿಂದ ಪೂರ್ಣವಾಗಿ ಜಾರಿಗೆ ತಂದ ನಿಯಮದಂತೆ, ನೆರವಿನ ಹೊಣೆ ನಿಲ್ದಾಣದ ಆಡಳಿತದ್ದು. ಒಟ್ಟು ಪ್ರಯಾಣಿಕರ ಸಂಖ್ಯೆಗೆ ಅನುಗುಣವಾಗಿ ಎಲ್ಲ ವಿಮಾನ ಸಂಸ್ಥೆಗಳಿಂದಲೂ ಅದು ವೆಚ್ಚವನ್ನು ವಸೂಲು ಮಾಡಬಹುದು. ವೃದ್ಧರನ್ನು ಹೆಚ್ಚು ಕರೆತರುವ ಸಂಸ್ಥೆಗೆ ಆಗ ನಷ್ಟವಿಲ್ಲ. ಖರ್ಚು ಉಳಿಸಲು ಕುರ್ಚಿ ಕಡಿಮೆ ಮಾಡುವ ಆಸೆಯೂ ಹುಟ್ಟದು.

ಅಲ್ಲಿಯವರೆಗೆ ಕುಟುಂಬದವರು ಮಾಡಬಹುದಾದದ್ದೂ ಇದೆ. ಹೊರಡುವ 48 ಗಂಟೆಗಳಿಗೆ ಮುಂಚೆಯೇ ವಿಮಾನ ಸಂಸ್ಥೆಗೆ ತಿಳಿಸಬೇಕು. ಬರೀ 'ವೀಲ್‌ಚೇರ್ ಬೇಕು' ಎಂದರೆ ಸಾಲದು. ದೂರ ನಡೆಯಲಾರರೇ, ಮೆಟ್ಟಿಲು ಹತ್ತಲಾರರೇ, ಆಸನದವರೆಗೂ ಎತ್ತಿಕೊಂಡೇ ಹೋಗಬೇಕೇ ಎಂಬುದನ್ನು ಸ್ಪಷ್ಟಪಡಿಸಬೇಕು. ಮೂರಕ್ಕೂ ವ್ಯವಸ್ಥೆ ಬೇರೆ ಬೇರೆ. ಭಾಷೆಯ ತೊಡಕಷ್ಟೇ ಇದ್ದರೆ ಅದನ್ನೇ ಹೇಳಿ ಜೊತೆಗಾರನನ್ನು ಕೇಳಬೇಕು. ವಿಮಾನ ಸಂಸ್ಥೆಗಳ ಟಿಕೆಟ್ ವ್ಯವಸ್ಥೆಯಲ್ಲಿ ಅಂಥ ಕೋರಿಕೆಗೂ ಪ್ರತ್ಯೇಕ ಸಂಕೇತವಿದೆ.

ಸಂಕೇತ ಇದ್ದೂ ಸೇವೆ ಖಚಿತವಾಗಿ ದೊರೆಯದಿರುವುದು ಆಡಳಿತದ ಲೋಪ. ಅದನ್ನು ಸರಿಪಡಿಸಲು ಹೊಸ ಯಂತ್ರವಾಗಲಿ, ಹೊಸ ಕಟ್ಟಡವಾಗಲಿ ಬೇಕಿಲ್ಲ. ಒಂದು ನಿಯಮದ ತಿದ್ದುಪಡಿ ಸಾಕು.