ರಾಷ್ಟ್ರದ ಋಣ ಮತ್ತು ಬಡವನ ಅನ್ನ

2022ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನಮ್ಮ ನೆರೆಯ ಶ್ರೀಲಂಕಾದ ಪಶ್ಚಿಮ ಪ್ರಾಂತದ ಶಾಲೆಗಳಲ್ಲಿ ನಡೆಯಬೇಕಾಗಿದ್ದ ಪರೀಕ್ಷೆಗಳನ್ನು ಮುಂದೂಡಲಾಯಿತು. ಪ್ರಶ್ನಪತ್ರಿಕೆಗಳನ್ನು ಅಚ್ಚು ಮಾಡಿಸಲು ಬೇಕಾದ ಕಾಗದವೂ ಮಸಿಯೂ ದೊರೆಯದೆ ಹೋದುದೇ ಅದಕ್ಕೆ ಕಾರಣ. ಕಾಗದವನ್ನು ಹೊರನಾಡಿನಿಂದ ತರಿಸಲು ಬೇಕಾದ ಡಾಲರುಗಳು ಆ ದೇಶದ ಬೊಕ್ಕಸದಲ್ಲಿ ಉಳಿದಿರಲಿಲ್ಲ. ಅಕ್ಷರಸ್ಥರ ಪ್ರಮಾಣದಲ್ಲಿ ಭಾರತಕ್ಕಿಂತ ಬಹುಕಾಲದಿಂದ ಮುಂದಿರುವ ದೇಶವೊಂದಕ್ಕೆ ಇಂತಹ ದುಃಸ್ಥಿತಿ ಒದಗಿತೆಂಬುದು ಅಧ್ಯಾಪಕ ವೃತ್ತಿಯಲ್ಲಿರುವ ಯಾರ ಮನಸ್ಸನ್ನಾದರೂ ಕಲಕದಿರದು. ರಾಷ್ಟ್ರದ ಸಾಲ, ಹಣದುಬ್ಬರ, ಆರ್ಥಿಕ ಹಿಂಜರಿತ ಎಂಬ ಮಾತುಗಳನ್ನು ಅರ್ಥಶಾಸ್ತ್ರಜ್ಞರಿಗೆ ಬಿಟ್ಟು ನಾವು ಸುಮ್ಮನಿರಬಹುದೆ ಎಂಬ ಪ್ರಶ್ನೆ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಆ ವರ್ಷದ ಏಪ್ರಿಲ್ 12ರಂದು ಶ್ರೀಲಂಕಾ ಸರಕಾರವು ತನ್ನ ವಿದೇಶೀ ಸಾಲದ ಕಂತುಗಳನ್ನು ಸದ್ಯಕ್ಕೆ ಸಲ್ಲಿಸಲಾರೆನೆಂದು ಸಾರಿತು. ಸ್ವಾತಂತ್ರ್ಯ ಬಂದ 1948ರಿಂದ ಅಂದಿನವರೆಗೆ ಆ ದೇಶ ಸಾಲಗಾರರೆದುರು ಹೀಗೆ ಕೈಚೆಲ್ಲಿದ್ದಿಲ್ಲ. ಒಟ್ಟು ವಿದೇಶೀ ಸಾಲ ಸುಮಾರು 5,100 ಕೋಟಿ ಡಾಲರು. ವರ್ಷಾರಂಭದಲ್ಲಿ ಡಾಲರೊಂದಕ್ಕೆ 200ರ ಆಸುಪಾಸಿನಲ್ಲಿದ್ದ ಅಲ್ಲಿಯ ರೂಪಾಯಿ ಕೆಲವೇ ತಿಂಗಳುಗಳಲ್ಲಿ 360ರ ಮಟ್ಟಕ್ಕೆ ಕುಸಿಯಿತು. ಸೆಪ್ಟೆಂಬರ್ ವೇಳೆಗೆ ಕೊಲಂಬೊ ನಗರದ ಹಣದುಬ್ಬರ ಶೇಕಡಾ 70ರ ಸಮೀಪಕ್ಕೂ, ಆಹಾರ ಪದಾರ್ಥಗಳ ಬೆಲೆಯೇರಿಕೆ ಶೇಕಡಾ 95ರ ಸಮೀಪಕ್ಕೂ ಮುಟ್ಟಿದವು. ಅದೇ ವರ್ಷ ರಾಷ್ಟ್ರೀಯ ಉತ್ಪನ್ನ ಶೇಕಡಾ 7ಕ್ಕಿಂತ ಹೆಚ್ಚು ಇಳಿಯಿತು.

ವ್ಯಾಪಾರ ಕುಗ್ಗಿದಾಗ ಬೆಲೆಗಳೂ ತಗ್ಗಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಉತ್ಪನ್ನ ಇಳಿಯಿತು, ಬೆಲೆಗಳು ಏರಿದವು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸಿದರೆ ವಿದೇಶೀ ಸಾಲದ ಸ್ವಭಾವ ತಿಳಿಯುತ್ತದೆ. ಸರಕಾರ ತನ್ನದೇ ನಾಣ್ಯದಲ್ಲಿ ಮಾಡಿದ ಸಾಲವನ್ನು ನೋಟು ಅಚ್ಚು ಹಾಕಿಯಾದರೂ ತೀರಿಸೀತು. ಡಾಲರಿನ ಸಾಲವನ್ನು ಡಾಲರಿನಿಂದಲೇ ತೀರಿಸಬೇಕು. ಶ್ರೀಲಂಕಾಕ್ಕೆ ಡಾಲರು ಬರುವ ದಾರಿಗಳು ಕೆಲವೇ: ಚಹ, ಸಿದ್ಧ ಉಡುಪು, ಪ್ರವಾಸಿಗರು ಮತ್ತು ಹೊರನಾಡಿನಲ್ಲಿ ದುಡಿಯುವ ಮಕ್ಕಳು ಮನೆಗೆ ಕಳುಹಿಸುವ ಹಣ. 2019ರ ಈಸ್ಟರ್ ದಿನದ ಬಾಂಬ್ ದಾಳಿಯಿಂದಲೂ ಅನಂತರದ ಕೋವಿಡ್ ಪಿಡುಗಿನಿಂದಲೂ ಪ್ರವಾಸಿಗರ ದಾರಿ ಮುಚ್ಚಿಹೋಯಿತು. ಡಾಲರು ವಿರಳವಾದಂತೆ ರೂಪಾಯಿ ಕುಸಿಯಿತು. ರೂಪಾಯಿ ಕುಸಿದಂತೆ ಎಣ್ಣೆ, ಔಷಧ, ಗೋಧಿ, ಕಾಗದಗಳ ಬೆಲೆ ಏರಿತು. ಬೆಲೆಯನ್ನು ಹಿಡಿದು ನಿಲ್ಲಿಸಲು ಅಲ್ಲಿಯ ಕೇಂದ್ರ ಬ್ಯಾಂಕು 2022ರ ಏಪ್ರಿಲಿನಲ್ಲಿ ಬಡ್ಡಿಯ ದರವನ್ನು ಒಂದೇ ಸಲಕ್ಕೆ ಶೇಕಡಾ 7 ಅಂಶಗಳಷ್ಟು ಏರಿಸಬೇಕಾಯಿತು. ಇಂಧನವಿಲ್ಲದೆ ಸೊರಗಿದ್ದ ಉದ್ಯಮಗಳಿಗೆ ದುಬಾರಿ ಬಡ್ಡಿಯ ಹೊರೆಯೂ ಬಿದ್ದಿತು. ಹೀಗೆ ರೋಗದಿಂದ ಹಣದುಬ್ಬರ ಬಂದರೆ ಚಿಕಿತ್ಸೆಯಿಂದ ಹಿಂಜರಿತ ಇನ್ನಷ್ಟು ಹೆಚ್ಚಿತು.

ಈ ವಿಪತ್ತಿಗೆ ಚೀನಾದ ಸಾಲವೇ ಕಾರಣವೆಂದು ನಮ್ಮಲ್ಲಿ ಹಲವರು ಹೇಳುವುದುಂಟು. ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಚೀನೀ ಕಂಪನಿಗೆ ಒಪ್ಪಿಸಿದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಹೊರೆ ಬಂದುದು 2007ರಿಂದ ಅಂತರರಾಷ್ಟ್ರೀಯ ಪೇಟೆಯಲ್ಲಿ ಸಾಲಪತ್ರಗಳನ್ನು ಮಾರಿ ಎತ್ತಿದ ಖಾಸಗಿ ಸಾಲದಿಂದ. ಅದರ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಅಸಲನ್ನು ಒಂದೇ ಗಂಟಿನಲ್ಲಿ ತೀರಿಸಬೇಕು. ಹಳೆಯ ಸಾಲ ತೀರಿಸಲು ಹೊಸ ಸಾಲ ಸಿಗುವವರೆಗೆ ಎಲ್ಲವೂ ಸುಗಮವಾಗಿ ತೋರಿತು. ಇಂತಹ ಸ್ಥಿತಿಯಲ್ಲಿ 2019ರ ಕೊನೆಗೆ ಹೊಸ ಸರಕಾರವು ಮೌಲ್ಯವರ್ಧಿತ ತೆರಿಗೆಯನ್ನು ಶೇಕಡಾ 15ರಿಂದ 8ಕ್ಕೆ ಇಳಿಸಿತು. ಅಂದು ಅದು ಜನಪ್ರಿಯ ಕ್ರಮವೇ ಆಗಿದ್ದಿತು. ಆದರೆ ವರಮಾನ ಕುಸಿದಾಗ ಸಾಲ ಕೊಡುವವರ ನಂಬಿಕೆಯೂ ಕುಸಿಯಿತು. 2020ರಿಂದ ಹೊರಗಿನ ಪೇಟೆಯ ಬಾಗಿಲು ಮುಚ್ಚಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿ, ಬೆಳೆ ಕುಗ್ಗಿದ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ಹಿಂತೆಗೆದುಕೊಂಡರು. ಅಕ್ಕಿಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿದ್ದ ನಾಡು ಅಕ್ಕಿಗೂ ಕೈಚಾಚಬೇಕಾಯಿತು.

ಇನ್ನು ಈ ಋಣವನ್ನು ತೀರಿಸಿದವರು ಯಾರು? ಬೆಲೆಗಳು ವರ್ಷದಲ್ಲಿ ಶೇಕಡಾ 70 ಏರಿದರೆ, ನೂರು ರೂಪಾಯಿ ಕೂಲಿ ಪಡೆಯುವವನ ಕೈಯಲ್ಲಿ ಉಳಿಯುವುದು ಹಿಂದಿನ 59 ರೂಪಾಯಿಗಳ ಬೆಲೆ ಮಾತ್ರ. ಯಾವ ಸಂಸತ್ತಿನ ಮುಂದೆಯೂ ಬಾರದೆ, ಯಾರ ಮತವನ್ನೂ ಕೇಳದೆ ಬಡವನಿಂದ ವಸೂಲಾದ ತೆರಿಗೆಯಿದು. ವಿಶ್ವ ಬ್ಯಾಂಕಿನ ಅಂದಾಜಿನಂತೆ 2021ರಿಂದ 2022ರೊಳಗೆ ಅಲ್ಲಿಯ ಬಡವರ ಪ್ರಮಾಣ ಶೇಕಡಾ 13ರಿಂದ 25ಕ್ಕೆ ಏರಿತು. 2019ರಲ್ಲಿ 8ಕ್ಕಿಳಿದಿದ್ದ ತೆರಿಗೆ 2024ರ ಜನವರಿಯಲ್ಲಿ 18 ಆಯಿತು. 2023ರಲ್ಲಿ ದೇಶದೊಳಗಿನ ಸಾಲವನ್ನು ಮರುಹೊಂದಿಸಿದಾಗ ಬ್ಯಾಂಕುಗಳನ್ನು ಬಿಟ್ಟು ನೌಕರರ ಭವಿಷ್ಯನಿಧಿಯ ಮೇಲೆ ಆ ಭಾರವನ್ನು ಹೊರಿಸಲಾಯಿತು. 2023ರ ಜುಲೈ ಹೊತ್ತಿಗೆ ಹಣದುಬ್ಬರ ಒಂದಂಕಿಗೆ ಇಳಿದುದು ಸಂತೋಷದ ವಿಷಯವೇ. ಆದರೆ ಹಣದುಬ್ಬರ ಇಳಿಯಿತೆಂದರೆ ಬೆಲೆಗಳು ಹಿಂದಕ್ಕೆ ಹೋದವೆಂದು ಅರ್ಥವಲ್ಲ, ಏರುವ ವೇಗ ತಗ್ಗಿತೆಂದಷ್ಟೇ ಅರ್ಥ.

ಇದನ್ನು ಪರರ ಕಥೆಯೆಂದು ಓದಿ ನಾವು ಹೆಮ್ಮೆಪಡುವಂತಿಲ್ಲ. 1991ರಲ್ಲಿ ನಮ್ಮ ವಿದೇಶೀ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿದ್ದಿತು. ಆಗ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟು, ಜುಲೈ ತಿಂಗಳ ಮೊದಲ ಮೂರು ದಿನಗಳೊಳಗೆ ಎರಡು ಬಾರಿ ರೂಪಾಯಿಯನ್ನು ಅಪಮೌಲ್ಯಗೊಳಿಸಿ, ಕಂತು ತಪ್ಪದಂತೆ ಮಾನ ಉಳಿಸಿಕೊಂಡೆವು. ಆ ನೆನಪಿನಿಂದಲೋ ಏನೋ, 2022ರಲ್ಲಿ ಭಾರತವು ಸುಮಾರು 400 ಕೋಟಿ ಡಾಲರುಗಳ ನೆರವನ್ನು ಶ್ರೀಲಂಕಾಕ್ಕೆ ನೀಡಿತು. ಮುಂದೆ ಅಲ್ಲಿಯ ಮಕ್ಕಳ ಪಠ್ಯಪುಸ್ತಕಗಳಿಗೆ ಬೇಕಾದ ಕಾಗದದ ಒಂದು ಭಾಗವೂ ಈ ನೆರವಿನಿಂದಲೇ ಬಂದಿತು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗೃಹಸ್ಥನಿಗೆ ಇದು ಹಿತವಾದ ಮಾತು. ಆದರೆ ಬೆಳೆಯುವ ರಾಷ್ಟ್ರವು ಸಾಲವನ್ನೇ ಮುಟ್ಟಬಾರದೆಂಬ ವಾದವನ್ನು ನಾನು ಒಪ್ಪಲಾರೆ. ಬಾವಿ ತೋಡಿಸಲು ಮಾಡಿದ ಸಾಲವನ್ನು ಬಾವಿಯ ನೀರಿನಿಂದ ಬೆಳೆದ ಬೆಳೆ ತೀರಿಸುತ್ತದೆ. ಮದುವೆಯ ಚಪ್ಪರಕ್ಕೆ ಮಾಡಿದ ಸಾಲವನ್ನು ಹೊಲ ಮಾರಿ ತೀರಿಸಬೇಕಾಗುತ್ತದೆ. ಆದುದರಿಂದ ಸರಕಾರ ಯಾವ ಪಕ್ಷದ್ದೇ ಇರಲಿ, ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಸಾಲದಿಂದ ಆಗುವ ಕೆಲಸವು ಸಾಲ ತೀರಿಸುವ ನಾಣ್ಯವನ್ನು ದುಡಿದು ಕೊಡುವುದೆ? ಕೊಡಬಲ್ಲವರಿಂದ ತೆರಿಗೆ ಪಡೆಯಲು ಹಿಂಜರಿದು ಸಾಲದ ಸುಲಭಮಾರ್ಗ ಹಿಡಿಯಲಾಗುತ್ತಿದೆಯೆ? ಕಷ್ಟಕಾಲ ಬಂದರೆ ಅನ್ನ, ಔಷಧ, ಶಾಲೆಗಳಿಗೆ ಮೀಸಲಾದುದನ್ನು ಕೊನೆಗೆ ಮುಟ್ಟುವರೋ, ಮೊದಲೇ ಮುಟ್ಟುವರೋ?

ಈ ಸಂಚಿಕೆಯನ್ನು ಓದುವ ದಾನಿಗಳು ಹೂಡಿದ ದತ್ತಿಯ ಬಡ್ಡಿಯಿಂದ ವರ್ಷವರ್ಷವೂ ಪಾರಿತೋಷಕಗಳನ್ನು ಕೊಡುವುದು ನಮ್ಮ ಶಾಲೆಗಳ ವಾಡಿಕೆ. ಹಣದುಬ್ಬರ ಮಿತಿಮೀರಿದರೆ ಆ ದತ್ತಿಯ ಅಂಕಿ ಹಾಗೆಯೇ ಉಳಿದು ಸತ್ವ ಕರಗಿಹೋಗುತ್ತದೆ. ಅಧಿಕಾರ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಸಾಲದ ಕಾಗದಗಳಿಗೆ ರುಜು ಹಾಕುವ ಮುನ್ನ ಇದನ್ನು ನೆನೆಯಲಿ. ಅಧ್ಯಾಪಕರು ಪ್ರೌಢಶಾಲೆಯ ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸುವಾಗ, ಮನೆಯ ಸಾಲದೊಡನೆ ದೇಶದ ಸಾಲದ ಲೆಕ್ಕವನ್ನೂ ಒಮ್ಮೆ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಲಿ. ಕಾಗದವಿಲ್ಲದೆ ಪರೀಕ್ಷೆ ತಪ್ಪಿಸಿಕೊಂಡ ಆ ಮಕ್ಕಳು ಯಾವ ಸಾಲಪತ್ರಕ್ಕೂ ರುಜು ಹಾಕಿದವರಲ್ಲ. ನಮ್ಮ ಮಕ್ಕಳಾದರೂ ತಮ್ಮ ಹೆಸರಿನಲ್ಲಿ ಆಗುತ್ತಿರುವ ಸಾಲವೆಷ್ಟು, ಅದು ಯಾತಕ್ಕಾಗಿ ಎಂದು ಕೇಳುವಷ್ಟು ತಿಳಿದವರಾಗಿ ಈ ಶಾಲೆಗಳಿಂದ ಹೊರಬರಲೆಂದು ಹಾರೈಸುತ್ತೇನೆ.