ತೀರ್ಪುಗಾರನು ನಿಂತ ಸ್ಥಳ

ಆಟಗಾರರೊಡನೆ ಸರಿಸಮನಾಗಿ ಓಡಿಯೂ ಯಾರಿಂದಲೂ ಒಂದು ಚಪ್ಪಾಳೆಯನ್ನು ಪಡೆಯದ ವ್ಯಕ್ತಿಯೊಬ್ಬನು ಪ್ರತಿಯೊಂದು ಪಂದ್ಯದಲ್ಲಿಯೂ ಇರುತ್ತಾನೆ. ಅವನೇ ತೀರ್ಪುಗಾರ. ಸರಿಯಾಗಿ ನಡೆಸಿದರೆ ಅವನ ಹೆಸರನ್ನು ಕೇಳುವವರಿಲ್ಲ. ಒಂದು ಸೀಟಿ ತಪ್ಪಿದರೆ ಅವನ ಹೆಸರು ಊರೆಲ್ಲ ಹರಡುತ್ತದೆ. ಈ ಸಲ ನಮ್ಮ ಅಂಕಣದಲ್ಲಿ ಅವನ ಪಕ್ಷವನ್ನು ಸ್ವಲ್ಪ ವಿಚಾರಿಸೋಣವೆಂದಿದ್ದೇವೆ. ಅಮೆರಿಕದ ಒಂದು ಬಾಸ್ಕೆಟ್‌ಬಾಲ್ ಪಂದ್ಯದ ಚಿತ್ರವನ್ನು ಈಚೆಗೆ ನೋಡಿದುದೇ ಇದಕ್ಕೆ ಕಾರಣ.

ಪಂದ್ಯ ನಡೆದುದು 2018ರ ಮೇ 31ರಂದು, ಓಕ್ಲೆಂಡ್ ನಗರದಲ್ಲಿ. ಎನ್.ಬಿ.ಎ. ಅಂತಿಮ ಸರಣಿಯ ಮೊದಲನೆಯ ಪಂದ್ಯವದು. ಒಂದು ಕಡೆ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಇನ್ನೊಂದು ಕಡೆ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್. ಕ್ಲೀವ್‌ಲ್ಯಾಂಡಿನ ಲೆಬ್ರಾನ್ ಜೇಮ್ಸ್ ಆ ರಾತ್ರಿ ಒಬ್ಬನೇ 51 ಅಂಕಗಳನ್ನು ಗಳಿಸಿದನು. ಆಟ ಮುಗಿಯಲು 36.4 ಸೆಕೆಂಡುಗಳು ಉಳಿದಿದ್ದವು. ಕ್ಲೀವ್‌ಲ್ಯಾಂಡ್ 104, ಗೋಲ್ಡನ್ ಸ್ಟೇಟ್ 102. ಗೋಲ್ಡನ್ ಸ್ಟೇಟಿನ ಕೆವಿನ್ ಡ್ಯೂರಾಂಟ್ ಚೆಂಡಿನೊಡನೆ ಬುಟ್ಟಿಯತ್ತ ನುಗ್ಗಿದನು. ಜೇಮ್ಸ್ ಪಕ್ಕದಿಂದ ಸರಿದು ಬಂದು ಅವನ ದಾರಿಗೆ ಅಡ್ಡನಿಂತನು. ಇಬ್ಬರೂ ಡಿಕ್ಕಿ ಹೊಡೆದರು, ಸೀಟಿ ಕೇಳಿತು. ತಪ್ಪು ನುಗ್ಗಿದವನದೆಂದು ತೀರ್ಪಾಯಿತು. ಚೆಂಡು ಕ್ಲೀವ್‌ಲ್ಯಾಂಡಿನ ಪಾಲಾಗಬೇಕಾಗಿತ್ತು.

ಇಲ್ಲಿ ನಿಯಮವನ್ನು ತುಸು ವಿವರಿಸಬೇಕಾಗುತ್ತದೆ. ನುಗ್ಗಿ ಬರುವವನ ಎದುರಿಗೆ ಕಾವಲಿನವನು ಮೊದಲೇ ನೆಲೆಯಾಗಿ ನಿಂತಿದ್ದರೆ ಡಿಕ್ಕಿಯ ತಪ್ಪು ನುಗ್ಗಿದವನದು; ಇದಕ್ಕೆ ಚಾರ್ಜಿಂಗ್ ಎನ್ನುತ್ತಾರೆ. ಕಾವಲಿನವನು ತಡವಾಗಿ ಬಂದು ಮೈ ಒಡ್ಡಿದರೆ ತಪ್ಪು ಅವನದೇ, ಅದು ಬ್ಲಾಕಿಂಗ್. ನೆರವಿಗೆಂದು ಬೇರೆಡೆಯಿಂದ ಬರುವ ಕಾವಲುಗಾರನು, ಎದುರಾಳಿ ಚೆಂಡನ್ನು ಮೇಲೆತ್ತಿ ಎಸೆಯಲಾರಂಭಿಸುವುದಕ್ಕೆ ಮುಂಚೆಯೇ ತನ್ನ ಸ್ಥಳವನ್ನು ಹಿಡಿದಿರಬೇಕು. ಇದಲ್ಲದೆ ಬುಟ್ಟಿಯ ಕೆಳಗೆ ನೆಲದ ಮೇಲೆ ನಾಲ್ಕು ಅಡಿ ತ್ರಿಜ್ಯದ ಅರ್ಧವೃತ್ತವೊಂದನ್ನು ಬರೆದಿರುತ್ತಾರೆ. ಅಂಥ ನೆರವಿನ ಕಾವಲುಗಾರನು ಅದರೊಳಗೆ ನಿಂತು ಚಾರ್ಜಿಂಗ್ ತಪ್ಪನ್ನು ಗಳಿಸಿಕೊಳ್ಳುವಂತಿಲ್ಲ. ಕಾವಲಿನವನು ಬುಟ್ಟಿಯ ಅಡಿಯಲ್ಲೇ ಬೀಡುಬಿಟ್ಟು, ಹಾರಿದವರ ಕೆಳಗೆ ಬಂದು ಮೈಕೈ ಮುರಿಯದಿರಲೆಂದು ಈ ಏರ್ಪಾಡು.

ಎಲ್ಲವೂ ಕ್ಷಣಾರ್ಧದ ವ್ಯವಹಾರ. ಆದುದರಿಂದಲೇ ಎನ್.ಬಿ.ಎ. ಪಂದ್ಯಗಳಲ್ಲಿ 1988-89ರಿಂದ ಮೂವರು ತೀರ್ಪುಗಾರರಿರುತ್ತಾರೆ. ಒಬ್ಬನು ಬುಟ್ಟಿಯ ಹಿಂದಿನ ಗೆರೆಯಲ್ಲಿ, ಒಬ್ಬನು ಆಟದ ಹಿಂದುಗಡೆ, ಇನ್ನೊಬ್ಬನು ಎದುರು ಪಕ್ಕದಲ್ಲಿ. ಹತ್ತಿರದಲ್ಲಿರುವವನಿಗೆ ಚೆನ್ನಾಗಿ ಕಾಣುತ್ತದೆಂದು ನಾವು ನೀವು ಭಾವಿಸುವುದು ಸಹಜ. ಆದರೆ ಈ ವೃತ್ತಿಯಲ್ಲಿ ಸಾಮೀಪ್ಯಕ್ಕಿಂತ ಕೋನವೇ ಮುಖ್ಯ. ಇಬ್ಬರು ಆಟಗಾರರ ನಡುವಿನ ಸಂದು ಕಾಣುವಂತೆ ನಿಲ್ಲಬೇಕು. ಒಬ್ಬನ ಬೆನ್ನು ಇನ್ನೊಬ್ಬನನ್ನು ಮರೆಮಾಡುವ ಸ್ಥಳದಲ್ಲಿ ನಿಂತರೆ, ಎರಡೇ ಅಡಿ ದೂರದಲ್ಲಿದ್ದರೂ ಕುರುಡನೇ ಸರಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬೆಳಕು ತೋರುತ್ತದೆ. ಇನ್ನೊಂದು ಮಾತು: ಕಣ್ಣು ಚೆಂಡಿನ ಮೇಲಲ್ಲ, ಕಾವಲುಗಾರನ ಮೇಲಿರಬೇಕು. ಚೆಂಡನ್ನು ನೋಡುವುದಕ್ಕೆ ಪ್ರೇಕ್ಷಕರು ಇದ್ದೇ ಇದ್ದಾರೆ!

ಓಕ್ಲೆಂಡಿನಲ್ಲಿ ಮುಂದೆ ನಡೆದುದೇ ವಿವಾದದ ಮೂಲ. ಜೇಮ್ಸನ ಕಾಲು ಅರ್ಧವೃತ್ತದ ಒಳಗಿತ್ತೋ ಹೊರಗಿತ್ತೋ ಎಂಬ ಸಂಶಯವಿದೆಯೆಂದು ತೀರ್ಪುಗಾರರು ಚಿತ್ರವನ್ನು ಮರಳಿ ನೋಡಲು ಹೋದರು. ಆಟದ ಕೊನೆಯ ಎರಡು ನಿಮಿಷಗಳಲ್ಲಿ ಈ ಸಂಶಯಕ್ಕಾಗಿ ಚಿತ್ರ ನೋಡಲು ನಿಯಮ ಅವಕಾಶ ಕೊಡುತ್ತಿತ್ತು. ಹಾಗೆ ನೋಡುವಾಗ, ಕಾವಲುಗಾರನು ನ್ಯಾಯವಾದ ನೆಲೆಯಲ್ಲಿದ್ದನೇ ಎಂಬುದನ್ನೂ ನಿರ್ಣಯಿಸಬಹುದಾಗಿತ್ತು. ಕಾಲು ಹೊರಗೇ ಇತ್ತು. ಆದರೆ ಡ್ಯೂರಾಂಟ್ ಎಸೆಯಲು ತೊಡಗುವ ಮೊದಲು ಜೇಮ್ಸ್ ನೆಲೆಗೊಂಡಿರಲಿಲ್ಲವೆಂದು ಅವರು ಕಂಡುಕೊಂಡರು. ತೀರ್ಪು ತಿರುಗಿತು, ತಪ್ಪು ಜೇಮ್ಸನದಾಯಿತು. ಡ್ಯೂರಾಂಟ್ ಎರಡು ಮುಕ್ತ ಎಸೆತಗಳನ್ನೂ ಬುಟ್ಟಿಗೆ ಹಾಕಿ ಆಟವನ್ನು 104-104ಕ್ಕೆ ತಂದನು. ನಿಗದಿತ ಸಮಯ 107-107ರಲ್ಲಿ ಮುಗಿದು, ಹೆಚ್ಚುವರಿ ಆಟದಲ್ಲಿ ಗೋಲ್ಡನ್ ಸ್ಟೇಟ್ 124-114ರಿಂದ ಗೆದ್ದಿತು. ಸರಣಿಯನ್ನೂ 4-0ರಿಂದ ಗೆದ್ದಿತು.

ಕ್ಲೀವ್‌ಲ್ಯಾಂಡಿನವರಿಗೆ ಸಿಟ್ಟು ಬಂದುದರಲ್ಲಿ ಆಶ್ಚರ್ಯವಿಲ್ಲ. ಕಾಲು ಗೆರೆಯಿಂದ ಅಷ್ಟು ಸ್ಪಷ್ಟವಾಗಿ ಹೊರಗಿರುವಾಗ ಸಂಶಯವೆಲ್ಲಿಂದ ಬಂತು ಎಂಬ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಕಾಲಿನ ಗುರುತು ನೋಡಲು ಹೋದವರು ಬೇರೊಂದು ಪ್ರಶ್ನೆಗೆ ಉತ್ತರ ಹಿಡಿದು ಬಂದರು. 48 ನಿಮಿಷಗಳ ಆಟದಲ್ಲಿ ಇಂತಹ ಡಿಕ್ಕಿಗಳು ಇನ್ನೆಷ್ಟೋ ನಡೆದಿರುತ್ತವೆ. ಅವುಗಳನ್ನೆಲ್ಲ ಯಾರು ಮರಳಿ ನೋಡಿದರು? ಇಷ್ಟಾದರೂ, ಕೊನೆಯಲ್ಲಿ ಕೊಟ್ಟ ತೀರ್ಪು ಸರಿಯೆಂದೇ ನಮ್ಮ ಅಭಿಪ್ರಾಯ. ಆ ಚಿತ್ರವನ್ನು ನಿಧಾನಗತಿಯಲ್ಲಿ ಹಲವು ಬಾರಿ ನೋಡಿದೆವು; ಜೇಮ್ಸ್ ಇನ್ನೂ ಸರಿಯುತ್ತಲೇ ಇದ್ದನು. ನಿಕಟ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಪರಿಶೀಲಿಸಿ, ತಪ್ಪುಒಪ್ಪುಗಳನ್ನು ಪ್ರಕಟಿಸುವ ಪದ್ಧತಿಯನ್ನು ಎನ್.ಬಿ.ಎ. 2015ರಿಂದ ಇಟ್ಟುಕೊಂಡಿದೆ. ಆ ವರದಿಯೂ ತಿದ್ದಿದ ತೀರ್ಪನ್ನೇ ಎತ್ತಿಹಿಡಿಯಿತು. ತಮ್ಮ ನೌಕರರ ತಪ್ಪನ್ನು ತಾವೇ ಅಚ್ಚುಹಾಕಿಸುವ ಸಂಸ್ಥೆಗಳು ಲೋಕದಲ್ಲಿ ಎಷ್ಟಿವೆಯೋ!

ಹಳಬರಿಗೆ 1972ರ ಮ್ಯೂನಿಕ್ ಒಲಿಂಪಿಕ್ಸಿನ ನೆನಪಾಗಬಹುದು. ಅಲ್ಲಿ ಅಮೆರಿಕ ಮತ್ತು ಸೋವಿಯತ್ ತಂಡಗಳ ಅಂತಿಮ ಪಂದ್ಯದ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಆಡಿಸಲಾಯಿತು. ಹಾಗೆ ಆಡಿಸಿರೆಂದು ಆಗ್ರಹಿಸಿದವರು ಅಂತರರಾಷ್ಟ್ರೀಯ ಒಕ್ಕೂಟದ ಕಾರ್ಯದರ್ಶಿ ವಿಲಿಯಂ ಜೋನ್ಸ್. ಅವರು ಅಂದಿನ ತೀರ್ಪುಗಾರರಲ್ಲ. ಸೋವಿಯತ್ ತಂಡ 51-50ರಿಂದ ಗೆದ್ದಿತು. ಅಮೆರಿಕದವರು ಬೆಳ್ಳಿಯ ಪದಕವನ್ನು ಮುಟ್ಟಲಿಲ್ಲ. ಓಕ್ಲೆಂಡಿನಲ್ಲಿ ಹೊರಗಿನವರ ಕೈ ಇರಲಿಲ್ಲ. ಸೀಟಿ ಊದಿದವರೇ ಹೋಗಿ ನೋಡಿದರು, ಸಾವಿರಾರು ಮಂದಿಯ ಮುಂದೆ ತಮ್ಮ ಮಾತನ್ನು ತಾವೇ ಹಿಂತೆಗೆದುಕೊಂಡರು.

ಅದನ್ನು ನೋಡುವಾಗ ನಮಗೆ ನಮ್ಮದೇ ಒಂದು ಸೀಟಿ ನೆನಪಾಯಿತು. ಶಿಕ್ಷಕ ತರಬೇತಿಯಲ್ಲಿ ಸೀಟಿ ಊದುವುದನ್ನೂ ಅಂಕಣ ಗುರುತಿಸುವುದನ್ನೂ ಕಲಿಸಿದ್ದರು. ನಿಲ್ಲುವ ಜಾಗದ ಮಹತ್ವವನ್ನು ನಾವು ಕಲಿತುಕೊಂಡಿರಲಿಲ್ಲ. ಹಲವು ವರ್ಷಗಳ ಹಿಂದೆ ಉಪಜಿಲ್ಲಾ ಮಟ್ಟದ ಕಬಡ್ಡಿ ಪಂದ್ಯವೊಂದರ ಕೊನೆಯ ನಿಮಿಷ. ಎರಡು ಶಾಲೆಗಳೂ ಸಮಸಮ. ದಾಳಿಗೆ ಹೋದ ಹುಡುಗನನ್ನು ನಾಲ್ವರು ಹಿಡಿದು ಕೆಡವಿದರು. ಅವನು ಮಲಗಿದಲ್ಲಿಂದಲೇ ತೋಳು ಚಾಚಿದನು. ಬೆರಳು ನಡುಗೆರೆಯನ್ನು ಮುಟ್ಟಿತೇ? ನಾವು ಮುಟ್ಟಲಿಲ್ಲವೆಂದು ಸೀಟಿ ಊದಿದೆವು. ಅವನ ಶಾಲೆ ಒಂದು ಅಂಕದಿಂದ ಸೋತಿತು.

ಗೆರೆಯ ವಿಷಯದಲ್ಲಿ ತೀರ್ಪು ಕೊಡುವವನು ಗೆರೆಯ ನೇರಕ್ಕೆ ನಿಂತಿರಬೇಕು. ನಾವು ಅಂದು ಗೆರೆಯಿಂದ ನಾಲ್ಕು ಹೆಜ್ಜೆ ಓರೆಯಾಗಿ, ಹಿಡಿದ ಹುಡುಗರ ಬೆನ್ನುಗಳ ಹಿಂದೆ ಇದ್ದೆವು. ಬೆರಳನ್ನು ನೋಡಲೇ ಇಲ್ಲ. ನಾಲ್ವರ ಹಿಡಿತದಿಂದ ಅಷ್ಟು ದೂರ ಚಾಚುವುದು ಸಾಧ್ಯವಿಲ್ಲವೆಂದು ಊಹಿಸಿದೆವು. ಪಂದ್ಯ ಮುಗಿದ ಮೇಲೆ ಆ ಹುಡುಗನು ಮೊಣಕೈಯ ಮಣ್ಣನ್ನು ಒರೆಸುತ್ತ ಬಳಿಗೆ ಬಂದನು. ವಾದಿಸಲಿಲ್ಲ. “ಮಾಷ್ಟ್ರೇ, ನೀವು ಆಗ ಎಲ್ಲಿ ನಿಂತಿದ್ದಿರಿ?” ಎಂದಷ್ಟೇ ಕೇಳಿದನು. ಬಹುಮಾನ ವಿತರಣೆಗೆ ಹೊತ್ತಾಯಿತೆಂದು ಹೇಳಿ ನಾವು ಅತ್ತ ನಡೆದೆವು.

ಅಲ್ಲಿ ಮರಳಿ ನೋಡಲು ಚಿತ್ರವಿರಲಿಲ್ಲ, ನಿಜ. ಆದರೆ ಗೆರೆಯ ತುದಿಯಲ್ಲಿ ಇನ್ನೊಬ್ಬ ಅಧ್ಯಾಪಕರು ಸಹಾಯಕರಾಗಿ ನಿಂತಿದ್ದರು. ಅವರನ್ನು ಒಂದು ಮಾತು ಕೇಳಬಹುದಾಗಿತ್ತು, ಕೇಳಲಿಲ್ಲ. ಅಷ್ಟು ಜನರೆದುರು ಕೇಳುವುದು ನಮಗೆ ಕಡಿಮೆಯೆಂದು ತೋರಿತ್ತು.

ಆ ಹುಡುಗನಿಗೆ ಈಗ ಮಕ್ಕಳಿದ್ದಾರೆ. ಪೇಟೆಯಲ್ಲಿ ಸಿಕ್ಕಿದಾಗ ನಿಂತು ನಮಸ್ಕರಿಸುತ್ತಾನೆ, ಮನೆಯವರ ಕ್ಷೇಮ ವಿಚಾರಿಸುತ್ತಾನೆ. ಆ ದಿನದ ಮಾತನ್ನು ಅವನು ಎತ್ತುವುದಿಲ್ಲ. ನಾವೂ ಇದುವರೆಗೆ ಎತ್ತಿಲ್ಲ.